ಇಂಚು ಮಾಸ್ಟರ್ ಕಾರು ಎತ್ತಿದ್ದು

ಹಲ್ಲಿನ ಡಾಕ್ಟರು ಪ್ಯಾಂಟಿನ ಟ್ರಯಲ್ ನೋಡಲು ಬಂದಾಗ ಟೈಲರ್ ಮಾಸ್ಟರ್ ಅಂಗಡಿಯಲ್ಲಿರಲಿಲ್ಲ. ಪಕ್ಕದ ಗ್ಯಾರೇಜಿನಲ್ಲಿ, ಹಳೆಯ ಬಿಳಿ ಕಾರಿನ ಕೆಳಗಿನಿಂದ ಎರಡು ಕಾಲು ಮಾತ್ರ ಚಾಚಿಕೊಂಡಿದ್ದವು. ಡಾಕ್ಟರು ಬಗ್ಗಿ ಆ ಕಾಲುಗಳನ್ನೇ ವಿಚಾರಿಸಿದರು: "ಮಾಸ್ಟರ್, ನನ್ನ ಪ್ಯಾಂಟು ರೆಡಿನಾ?"

"ಪ್ಯಾಂಟು ರೆಡಿ," ಎಂದಿತು ಕಾರಿನ ಹೊಟ್ಟೆಯೊಳಗಿನ ದನಿ. "ನಾನೇ ರೆಡಿ ಇಲ್ಲ. ಒಳಗೆ ನಮ್ಮನೆಯವಳಿದ್ದಾಳೆ, ಸ್ವಲ್ಪ ಕತ್ತರಿ ತರೋಕೆ ಹೇಳ್ತೀರಾ?"

ಆಗಿದ್ದಿಷ್ಟು. ಮಾಸ್ಟರ್ ಕೊರಳಲ್ಲಿ ಇಪ್ಪತ್ತೆಂಟು ವರ್ಷದಿಂದ ಅಳತೆ ಟೇಪು ನೇತಾಡುತ್ತಿದೆ. ಸ್ನಾನಕ್ಕೂ ನಿದ್ದೆಗೂ ಬಿಟ್ಟರೆ ಅದನ್ನು ತೆಗೆದವರಲ್ಲ. ಆ ಟೇಪು ಕಾರಿನ ಹೊಗೆ ಕೊಳವೆಗೆ ಸುತ್ತಿಕೊಂಡು, ಗಂಟಾಗಿ, ಅವರನ್ನು ಕರು ಕಟ್ಟಿದ ಹಾಗೆ ಕಟ್ಟಿಹಾಕಿತ್ತು. ತಲೆ ಎತ್ತಿದರೆ ಹಣೆಗೆ ಕಬ್ಬಿಣ, ಇಳಿಸಿದರೆ ಕುತ್ತಿಗೆಗೆ ಉರುಳು.

ಹೆಂಡತಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಹಿಡಿದು ಬಂದಳು. ಡಾಕ್ಟರು ತಾವೇ ಟಾರ್ಚು ಹಿಡಿದರು. ಕತ್ತಲ ಬಾಯೊಳಗೆ ಬೆಳಕು ಬಿಡುವುದು ಅವರಿಗೆ ದಿನದ ಕೆಲಸ.

"ಎಷ್ಟನೇ ಇಂಚಿಗೆ ಕತ್ತರಿಸ್ಲಿ?" ಎಂದಳು ಹೆಂಡತಿ.

"ಎಲ್ಲಾದ್ರೂ ಕತ್ತರಿಸೇ, ನನ್ನ ಕುತ್ತಿಗೆ ಒಂದು ಬಿಟ್ಟು."

ಮೂವತ್ತೆಂಟನೇ ಇಂಚಿಗೆ ಕತ್ತರಿ ಬಿತ್ತು. ಡಾಕ್ಟರ ಸೊಂಟ ನಲವತ್ತು. ಹಾಗಾಗಿ ಅವತ್ತು ಟ್ರಯಲ್ ಆಗಲಿಲ್ಲ.

ಆಮೇಲೆ ಇಬ್ಬರೂ ಒಂದೊಂದು ಕಾಲು ಹಿಡಿದು ಎಳೆದರು. ಯಾರ ಕಾಲನ್ನೂ ಹಿಡಿಯದೆ ಬದುಕಿದವನು ತಾನು ಎಂದು ಮಾಸ್ಟರ್ ಆಗಾಗ ಹೇಳಿಕೊಳ್ಳುತ್ತಿದ್ದರು. ಬೇರೆಯವರೇ ಬಂದು ತನ್ನ ಕಾಲು ಹಿಡಿಯುವ ಕಾಲ ಬರುತ್ತದೆಂದು ಮಾತ್ರ ಎಣಿಸಿರಲಿಲ್ಲ.

"ಇದು ಮೂರನೇ ಸಲ ಕಣ್ರೀ," ಎಂದಳು ಹೆಂಡತಿ, ಡಾಕ್ಟರು ಅತ್ತ ಹೋಗುತ್ತಲೇ. "ಮೊದಲ್ನೇ ಸಲ ಸೊಂಟ ಹಿಡ್ಕೊಂಡಿತು. ಎರಡನೇ ಸಲ ಕಾಲರ್ ಸಿಕ್ಕಿಹಾಕ್ಕೊಂಡಿತು. ಇನ್ಮೇಲೆ ನೀವು ನೆಲದ ಮೇಲೆ ಮಲಗಿ ಅದರ ಕೆಳಗೆ ನುಗ್ಗೋ ಹಾಗಿಲ್ಲ. ಎರಡು ತಿಂಗಳು ಟೈಮು. ಅಷ್ಟರೊಳಗೆ ಆ ಹಾಳು ಸದ್ದು ಎಲ್ಲಿಂದ ಬರುತ್ತೆ ಅಂತ ಕಂಡುಹಿಡಿದ್ರೆ ಕಾರು ನಿಮ್ಮದು. ಇಲ್ಲಾಂದ್ರೆ ನನ್ನ ತಮ್ಮನಿಗೆ."

ಭಾವಮೈದ ನಡೆಸುವುದು ಡ್ರೈವಿಂಗ್ ಸ್ಕೂಲು. ಕಾರು ಅವನ ಕೈಗೆ ಹೋಯಿತೆಂದರೆ ದಿನಕ್ಕೆ ಹತ್ತು ಜನ ಅದರ ಕ್ಲಚ್ಚಿನ ಮೇಲೆ ನಿಂತು ಕುಣಿಯುತ್ತಾರೆ. ಮದುವೆ ಗಂಡುಗಳಿಗೆ ಸೂಟು ಹೊಲಿದು ಹೊಲಿದು ಕೊಂಡ ಕಾರು ಅದು. ಸೀಟುಗಳಿಗೆಲ್ಲ ಮಾಸ್ಟರೇ ಕವರ್ ಹೊಲಿದು, ನೆಲ ಮುಟ್ಟುವ ಹಾಗೆ ನೆರಿಗೆ ಇಳಿಬಿಟ್ಟಿದ್ದರು. ಒಳಗೆ ಕೂತವರು ಯಾರದೋ ಲಂಗದ ಮೇಲೆ ಕೂತ ಹಾಗೆ ಸಂಕೋಚಪಡುತ್ತಿದ್ದರು. ಕಾರಿನ ರಿಪೇರಿ ಕೂಡ ಅವರದೇ. ಬೇರೆ ಮೆಕ್ಯಾನಿಕ್ಕನ ಕೈಗೆ ಕೊಡುವುದೆಂದರೆ ತಾನು ಕತ್ತರಿಸಿದ ಕೋಟನ್ನು ಇನ್ನೊಬ್ಬ ಟೈಲರ್ ಹೊಲಿದಂತೆ.

ಸದ್ದು ಶುರುವಾಗಿ ಬಹಳ ದಿನವಾಗಿತ್ತು. ರಸ್ತೆಯ ಉಬ್ಬು ಹತ್ತಿದರೆ ಗಲ್, ಇಳಿದರೆ ಗಲಗಲ. ಭಾವಮೈದ ಗೇರ್ ಬಾಕ್ಸ್ ಹೋಗಿದೆ ಅಂದಿದ್ದ. ಹೊಗೆ ಕೊಳವೆಯ ಕೊಂಡಿ ಸಡಿಲವಾಗಿದೆ ಅನ್ನುವುದು ಮಾಸ್ಟರ್ ವಾದ. ಕಾರು ನಿಂತಾಗ ಮಾತ್ರ ಅದು ಸೊಲ್ಲೆತ್ತುತ್ತಿರಲಿಲ್ಲ, ಕೇಳಿದ ಪ್ರಶ್ನೆಗೆ ಬಾಯಿ ಬಿಡದ ಸಾಕ್ಷಿಯ ಹಾಗೆ.

ಮಲಗುವ ಹಾಗಿಲ್ಲ ಅಂದರೆ ಉಳಿದ ದಾರಿ ಒಂದೇ: ನಾವು ಕೆಳಗೆ ಹೋಗಬಾರದು, ಕಾರು ಮೇಲೆ ಹೋಗಬೇಕು. ಮಾಸ್ಟರ್ ಲಿಫ್ಟು ಮಾರುವವನನ್ನು ಮನೆಗೇ ಕರೆಸಿದರು.

ಅವನು ಬಣ್ಣದ ಪುಸ್ತಕ ಬಿಚ್ಚಿದ. "ಇದು ಕತ್ತರಿ ಲಿಫ್ಟು ಮಾಸ್ಟರ್. ಕತ್ತರಿ ಥರಾನೇ ಬಿಚ್ಕೊಂಡು ಮೇಲೇಳುತ್ತೆ."

ಮಾಸ್ಟರ್ ಕಣ್ಣು ತೇವವಾಯಿತು. "ಇದೇ ಇರ್ಲಿ."

"ಆದ್ರೆ ಕಾರಿನ ಹೊಟ್ಟೆಯ ನಡುಭಾಗ ಇದು ಮುಚ್ಚಿಬಿಡುತ್ತೆ. ನಿಮ್ಮ ಸದ್ದು ಎಲ್ಲಿಂದ?"

"ನಡುಭಾಗದಿಂದಲೇ," ಎಂದು ಮಾಸ್ಟರ್ ನಿಟ್ಟುಸಿರು ಬಿಟ್ಟರು.

ಎರಡು ಕಂಬದ ಲಿಫ್ಟಿಗೆ ನೆಲದ ಕಾಂಕ್ರೀಟು ದಪ್ಪವಿರಬೇಕು. ಮಾರುವವನು ಗ್ಯಾರೇಜಿನ ನೆಲಕ್ಕೆ ಸಣ್ಣ ತೂತು ಕೊರೆದು ನೋಡಿ ತಲೆಯಾಡಿಸಿದ. ಒಳಗೆ ಅಸ್ತರು ಹಾಕದ ಕೋಟು ಎಂದು ಮಾಸ್ಟರಿಗೂ ಅರ್ಥವಾಯಿತು. ಅಲ್ಲದೆ ಆ ಚಿತ್ರದಲ್ಲಿ ಕಾರನ್ನು ಕಂಕುಳಿಗೆ ಕೈ ಹಾಕಿ ಎತ್ತಿದಂತಿತ್ತು, ಅದು ಅವರಿಗೆ ಹಿಡಿಸಲಿಲ್ಲ. ಕೊನೆಗೆ ಉಳಿದದ್ದು ನಾಲ್ಕು ಕಂಬದ್ದು. ಕಾರು ಎರಡು ಹಲಗೆಯ ಮೇಲೆ ಹತ್ತಿ ನಿಲ್ಲುತ್ತದೆ, ಹಲಗೆಗಳು ಮೇಲೇಳುತ್ತವೆ. ಕತ್ತರಿಸುವ ಮೇಜಿನ ಮೇಲೆ ಬಟ್ಟೆ ಹಾಸಿದ ಹಾಗೆ.

"ನಿಮ್ಮ ಸೂರು ಮಾತ್ರ ಗಿಡ್ಡ ಮಾಸ್ಟರ್," ಎಂದ ಅವನು. "ಒಂಬತ್ತೂವರೆ ಅಡಿ. ಅಳತೆ ಸರಿಯಾಗಿ ನೋಡ್ಕೊಳ್ಳಿ."

ಅಳತೆ! ಅದೂ ಇವರಿಗೆ! ಊರೆಲ್ಲ ಇಂಚು ಮಾಸ್ಟರ್ ಎಂದು ಕರೆಯುವುದು ಸುಮ್ಮನೆಯೇ? "ಆ ವಿಷಯ ನನಗೆ ಬಿಡಿ. ಟ್ರಯಲ್ ನೋಡ್ದೆ ನಾನು ಯಾರಿಗೂ ಬಟ್ಟೆ ಕೊಟ್ಟವನಲ್ಲ."

ಮೂರು ದಿನ ಅಂಗಡಿಯ ಕೆಲಸ ಮೂಲೆಗೆ ಬಿತ್ತು. ಅಂಗಿ, ಕೋಟುಗಳ ನಮೂನೆ ಕತ್ತರಿಸುವ ಕಂದು ಕಾಗದದ ಹಾಳೆಗಳನ್ನು ಅಂಟಿಸಿ, ಮಾಸ್ಟರ್ ಕಾರಿನಷ್ಟೇ ದೊಡ್ಡ ಕಾರೊಂದನ್ನು ಕತ್ತರಿಸಿದರು. ಕಿಟಕಿ ಬರೆದರು, ಬಾಗಿಲು ಬರೆದರು. ಚಕ್ರದ ನಡುವೆ ಹಿತ್ತಾಳೆ ಗುಂಡಿ ಹಚ್ಚಿದರೆ ಲಕ್ಷಣವಾಗಿರುತ್ತದೆ ಎನಿಸಿತು.

"ಬ್ಯಾಂಡಿನವರ ಕೋಟಿನ ಗುಂಡಿ ಡಬ್ಬಿ ಎಲ್ಲಿಟ್ಟೆ ಕಣೇ?"

"ನಾನೆಲ್ಲಿ ಇಟ್ಟೆ? ಎಷ್ಟು ಸಲ ಹೇಳ್ಲಿ?"

"ಈ ಮನೇಲಿ ಒಂದು ವಸ್ತು ಇಟ್ಟ ಜಾಗದಲ್ಲಿ ಇರಲ್ಲ. ಕಳೆದು ಹಾಕೋದ್ರಲ್ಲಿ ಎತ್ತಿದ ಕೈ ನಿಂದು."

"ಹೌದು, ನಾನು ಎತ್ತಿದ್ದು ಕೈ, ನೀವು ಎತ್ತೋಕೆ ಹೊರಟಿದ್ದು ಕಾರು. ಯಾರಿಗೆ ತಲೆ ಕೆಟ್ಟಿದೆ ಅಂತ ಆ ಡಾಕ್ಟರನ್ನೇ ಕೇಳೋಣ, ಹಲ್ಲಿನವರಾದ್ರೂ ಪರವಾಗಿಲ್ಲ."

ಗುಂಡಿ ಇಲ್ಲದೆಯೇ ಕಾಗದದ ಕಾರಿಗೆ ಪರದೆಯ ಕಂಬಿ ಕಟ್ಟಿ, ಸೂರಿನ ಕೊಕ್ಕೆಗೆ ಹಗ್ಗ ಹಾಕಿ, ಮಾಸ್ಟರ್ ಎಳೆದರು. ಕಾರು ಓಲಾಡುತ್ತ ಮೇಲೆದ್ದು ಸೂರಿಗೆ ಎರಡು ಇಂಚು ಕೆಳಗೆ ನಿಂತಿತು. ಎರಡು ಇಂಚು ಲೂಸು! ಯಾವ ಸೂಟಿಗೂ ಅವರು ಬಿಡುವುದು ಅಷ್ಟೇ. ಲಿಫ್ಟಿನವನು ಬಂದು ಅದರ ಫೋಟೋ ತೆಗೆದುಕೊಂಡ.

"ನಿಮ್ಮ ಎತ್ತರ ಎಷ್ಟು ಮಾಸ್ಟರ್?"

"ನನ್ನದೇನ್ರೀ, ಗೊತ್ತಿರೋದೇ. ಕಾರಿಂದು ಬರ್ಕೊಳ್ಳಿ."

ಬರೆದುಕೊಂಡ. ಎರಡು ತಿಂಗಳ ಗಡುವಿನ ಕೊನೆಯ ಭಾನುವಾರ ಬೆಳಿಗ್ಗೆ ಲಿಫ್ಟು ಸಿದ್ಧವಾಗಿ ನಿಂತಿತು. ಭಾವಮೈದನೂ ಬಂದಿದ್ದ. ಕಲಿಯುವವರ ಕಾರಿಗೆ ಅಂಟಿಸುವ ಕೆಂಪು ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡೇ ಬಂದಿದ್ದ.

"ಮುಂದೆ ಅಂಟಿಸ್ಲೋ ಹಿಂದೆ ಅಂಟಿಸ್ಲೋ ಅಕ್ಕಾ?"

"ತಡಿಯೋ, ಅವರ ಮುಖಕ್ಕೆ ಅಂಟಿಸ್ಬೇಡ."

ಮಾಸ್ಟರ್ ಗುಂಡಿ ಒತ್ತಿದರು. ಕಾರು ಗಂಭೀರವಾಗಿ ಮೇಲೆದ್ದು ಸೂರಿಗೆ ಸರಿಯಾಗಿ ಎರಡು ಇಂಚು ಕೆಳಗೆ ನಿಂತಿತು. ಮಾಸ್ಟರ್ ತಲೆ ಎತ್ತಿಕೊಂಡು, ಟಾರ್ಚು ಹಿಡಿದು ಅದರ ಕೆಳಗೆ ನಡೆದರು.

ಢಣ್!

ಹಣೆ ಉಜ್ಜಿಕೊಳ್ಳುತ್ತ ಹೊಸ ಟೇಪು ಹಿಡಿದು ನೋಡಿದರು. ಹಲಗೆಯ ಕೆಳಗೆ ಐವತ್ತೆರಡು ಇಂಚು. ಮಾಸ್ಟರ್ ಅರವತ್ತೆಂಟು. ಸೂರು ಅಳೆದಿದ್ದರು, ಕಾರು ಅಳೆದಿದ್ದರು, ಹಲಗೆ ಅಳೆದಿದ್ದರು. ಆ ಗ್ಯಾರೇಜಿನಲ್ಲಿ ಅಳೆಯದೆ ಉಳಿದದ್ದು ಒಂದೇ, ಅಳೆಯುವವನು.

"ಭಾವ," ಎಂದ ಭಾವಮೈದ, "ಕಾರಿಗೆ ಎರಡು ಇಂಚು ಲೂಸು, ನಿಮಗೆ ಹದಿನಾರು ಇಂಚು ಟೈಟು."

ಹೆಂಡತಿ ಒಳಗೆ ಹೋಗಿ ಹೊಲಿಗೆ ಯಂತ್ರದ ಮುಂದಿನ ಸ್ಟೂಲು ತಂದಿಟ್ಟಳು. ಇಪ್ಪತ್ತೆಂಟು ವರ್ಷ ಕೂತ ಸ್ಟೂಲಿನ ಮೇಲೆ ಮಾಸ್ಟರ್ ಮತ್ತೆ ಕೂತರು. ಕೊಳವೆ ಅಲ್ಲಾಡಿಸಿದರು, ಗಟ್ಟಿ. ಕೊಂಡಿ ಎಳೆದರು, ಗಟ್ಟಿ. ಒಂದೊಂದು ನಟ್ಟನ್ನೂ ತಿರುಗಿಸಿ ನೋಡಿದರು. ತಾವೇ ಬಿಗಿದದ್ದು, ಹೇಗೆ ಸಡಿಲವಾದೀತು? ಅರ್ಧ ಗಂಟೆ ಕಳೆಯಿತು. ಭಾವಮೈದ ಬೋರ್ಡಿನ ಹಿಂದಿನ ಅಂಟುಕಾಗದದ ತುದಿ ಕೀಳತೊಡಗಿದ.

ಮಾಸ್ಟರ್ ಈಚೆ ಬಂದು ಇಳಿಸುವ ಗುಂಡಿ ಒತ್ತಿದರು. ಲಿಫ್ಟು ಒಮ್ಮೆ ಜರ್ಕು ಹೊಡೆಯಿತು.

ಗಲ್.

ಎಂಜಿನ್ ಓಡುತ್ತಿರಲಿಲ್ಲ. ಚಕ್ರ ತಿರುಗುತ್ತಿರಲಿಲ್ಲ. ಸದ್ದು ಬಂದದ್ದು ಕಾರಿನ ಕೆಳಗಿನಿಂದಲೂ ಅಲ್ಲ. ಕಾರು ನೆಲ ಮುಟ್ಟಿದ್ದೇ ತಡ ಮಾಸ್ಟರ್ ಹಿಂದಿನ ಬಾಗಿಲು ತೆಗೆದು ಬಗ್ಗಿದರು. ತಾವೇ ಹೊಲಿದ ನೆರಿಗೆ ಎತ್ತಿ, ಡ್ರೈವರ್ ಸೀಟಿನ ಅಡಿಗೆ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಬ್ಯಾಂಡಿನವರಿಗೆ ಕೋಟು ತಲುಪಿಸಿ ಬಂದ ದಿನ ತಾವೇ ಅದನ್ನು ಅಲ್ಲಿಗೆ ತಳ್ಳಿದ್ದು ಕಣ್ಣಮುಂದೆ ಬಂತು.

ಸಿಗಲಿಲ್ಲ ಅಂದರೆ ಮಾನ ಉಳಿಯುತ್ತದೆ, ಕಾರು ಹೋಗುತ್ತದೆ. ಸಿಕ್ಕಿತು ಅಂದರೆ ಕಾರು ಉಳಿಯುತ್ತದೆ. ಮಾಸ್ಟರ್ ಆ ಕ್ಲಚ್ಚಿನ ಮೇಲೆ ಕುಣಿಯುವ ಹತ್ತು ಜೊತೆ ಕಾಲುಗಳನ್ನು ನೆನೆದರು.

"ಏನ್ ಭಾವ, ಒಳಗೇ ಮಲಗಿಬಿಟ್ರಾ?" ಎಂದ ಭಾವಮೈದ. "ಸದ್ದು ಸಿಕ್ತಾ? ಎಲ್ಲಿತ್ತು?"

"ಸಿಕ್ತು. ನಿಮ್ಮಕ್ಕ ಕಳೆದಳು ಅಂದಿದ್ನಲ್ಲ, ಆ ಗುಂಡಿ ಡಬ್ಬಿ," ಎಂದರು ಮಾಸ್ಟರ್, ಬಗ್ಗಿದಲ್ಲಿಂದಲೇ. "ಲಿಫ್ಟು ಬೇಕಿರ್ಲಿಲ್ಲ ಕಣಪ್ಪ. ಹಿಂದಿನ ಬಾಗಿಲು ತೆಗೆದಿದ್ರೆ ಸಾಕಿತ್ತು."