ಅತ್ತಿತ್ತೋ ಇಲ್ಲವೋ

ಬಿ.ಎ. ಮುಗಿಸಿದ ಮೇಲೆ ನಾನು ಶಿಕಾರಿಪುರದ ನಮ್ಮ ಮನೆಯಲ್ಲಿ ಅಪ್ಪನ ಜೊತೆ ಹಾಸಿಗೆ ಹೊಲಿಯುತ್ತ ಒಂದು ವರ್ಷ ಕಳೆದೆ. ಅಪ್ಪ ಹತ್ತಿ ಹಿಂಜಿ ಕೊಡುವುದು, ನಾನು ಹತ್ತಿ ಸರಿಯದಂತೆ ದಬ್ಬಳದಿಂದ ಅಲ್ಲಲ್ಲಿ ಗುಬಟಿನ ಗಂಟು ಹಾಕುವುದು. ಕೆಮ್ಮು ಇಬ್ಬರಿಗೂ. ಹಾಗಿರುವಾಗ, ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ, ನನಗೆ ಕೆಲವು ತಿಂಗಳ ಕೆಲಸ ಸಿಕ್ಕಿತು. ಹಳ್ಳಿಗಳಿಗೆ ಹೋಗಿ ಮನೆಮನೆಯ ನಮೂನೆ ತುಂಬುವ ಕೆಲಸ.

ಅದುವರೆಗೆ ನಮ್ಮ ಕಡೆ ಎಣಿಕೆಯವರು ಬಂದರೆಂದರೆ ತಲೆ ಎಣಿಸುತ್ತಿದ್ದರು, ದನ ಎಣಿಸುತ್ತಿದ್ದರು, ಬೆಳೆ ಅಂದಾಜು ಮಾಡುತ್ತಿದ್ದರು. ಈ ಸಮೀಕ್ಷೆ ಹಾಗಲ್ಲ. ಜನ ಹೇಗೆ ಬದುಕಿದ್ದಾರೆ ಎಂದು ಅಳೆಯಬೇಕು ಎಂದರು. ಕುಡಿಯುವ ನೀರು ಎಷ್ಟು ದೂರ, ಹೆಂಗಸರಿಗೆ ಓದಲು ಬರುತ್ತದೆಯೇ, ಕಾಯಿಲೆಯಾದರೆ ಎಲ್ಲಿಗೆ ಹೋಗುತ್ತಾರೆ, ಹುಟ್ಟಿದ ಮಕ್ಕಳೆಷ್ಟು, ಉಳಿದ ಮಕ್ಕಳೆಷ್ಟು.

ನಮಗೆ ತರಬೇತಿ ಕೊಟ್ಟ ಮೇಲ್ವಿಚಾರಕರು ನಿವೃತ್ತಿಯ ಅಂಚಿನಲ್ಲಿದ್ದರು. ಜೀವಮಾನವಿಡೀ ಗದ್ದೆಗಿಳಿದು, ಹಗ್ಗ ಹಿಡಿದು ಗುರುತು ಮಾಡಿದಷ್ಟು ಜಾಗದ ಪೈರು ಕೊಯ್ಯಿಸಿ, ತೂಗಿ, ಇಡೀ ತಾಲ್ಲೂಕಿನ ಇಳುವರಿ ಬರೆದ ಮನುಷ್ಯ. “ಗದ್ದೆ ಎಷ್ಟು ಕೊಡ್ತು ಅಂತ ಬರೆದೂ ಬರೆದೂ ಸಾಕಾಗಿದೆ ಕಣ್ರಮ್ಮ. ಅದನ್ನ ಉಂಡೋರು ಹೆಂಗಿದಾರೆ ಅಂತ ಈಗ ಕೇಳ್ತಿದೀವಿ,” ಎನ್ನುವಾಗ ಅವರ ಮುಖದಲ್ಲಿ ಸಂತೋಷ ಕಾಣುತ್ತಿತ್ತು. ಒಂದು ಇಡೀ ಮಧ್ಯಾಹ್ನ ಅವರು ಹೆರಿಗೆಯ ಕಾಲಂಗಳನ್ನೇ ವಿವರಿಸಿದರು. “ಹುಟ್ಟಿದ ಮಗು ಒಂದೇ ಒಂದು ಸಲ ಅತ್ತಿದ್ರೂ ಅದು ಜೀವಂತ ಹುಟ್ಟಿದ ಮಗು. ಆಮೇಲೆ ಹೋಗಿದ್ರೆ ಶಿಶು ಮರಣ. ಅಳಲೇ ಇಲ್ಲ, ಉಸಿರೇ ತಗೊಳ್ಳಿಲ್ಲ ಅಂದ್ರೆ ಮಾತ್ರ ಸತ್ತು ಹುಟ್ಟಿದ್ದು. ಎರಡೂ ಬೇರೆ ಬೇರೆ. ಕೇಳೋಕೆ ನಾಚ್ಕೋಬೇಡಿ.”

ಅವರವರ ತಾಲ್ಲೂಕನ್ನು ಅವರವರಿಗೆ ಕೊಡಬಾರದೆಂದು ನನ್ನನ್ನು ಸೊರಬದ ಹಳ್ಳಿಗಳಿಗೆ ಹಾಕಿದರು. ಶಿರಾಳಕೊಪ್ಪದ ಮೇಲೆ ಸೊರಬದ ಬಸ್ಸು, ಅಲ್ಲಿಂದ ಹೊಸಬಾಳೆ ಕಡೆಗೆ ಇನ್ನೊಂದು ಬಸ್ಸು, ಇಳಿದ ಮೇಲೆ ಗದ್ದೆ ಬದುವಿನ ಮೇಲೆ ನಡಿಗೆ. ನಾನು ಹೇಳಹೊರಟಿರುವ ಊರು ಆ ನಡಿಗೆಯ ಕೊನೆಯಲ್ಲಿತ್ತು. ಅದರ ಹೆಸರು ಬೇಡ.

ಆ ಊರಿನ ಒಂದು ಮನೆಯ ಅಂಗಳದಲ್ಲಿ ಅತ್ತೆ ಮೊರದಲ್ಲಿ ಹುರುಳಿ ಕೇರುತ್ತಿದ್ದರು. ಸೊಸೆ ನನ್ನ ವಯಸ್ಸಿನವಳೇ. ಗೋಡೆಗೊರಗಿ ಕೂತು ನನ್ನ ಪ್ರಶ್ನೆಗಳಿಗೆಲ್ಲ ಒಂದೊಂದೇ ಮಾತಿನಲ್ಲಿ ಉತ್ತರ ಕೊಡುತ್ತಿದ್ದಳು. ನೀರಿಗೆ ಬಾವಿ. ಓದಲು ಬರುವುದಿಲ್ಲ. ಹಾಗೇ ಹೆರಿಗೆಯ ಕಾಲಂಗೆ ಬಂದೆ.

“ಹೋದ ಒಂದು ವರ್ಷದಲ್ಲಿ ಈ ಮನೇಲಿ ಹೆರಿಗೆ ಆಗಿದೆಯಾ?”

“ಆಗಿತ್ತು. ಸತ್ತು ಹುಟ್ಟಿತು,” ಎಂದರು ಅತ್ತೆ, ಮೊರದಿಂದ ತಲೆ ಎತ್ತದೆ.

“ಇಲ್ಲ ಅಕ್ಕೋರೆ,” ಎಂದಳು ಸೊಸೆ. “ಅತ್ತಿತ್ತು.”

“ಸುಮ್ನಿರು ಮಾರಾಯ್ತಿ. ನಿಂಗೆ ಆಗ ಜ್ಞಾನ ಎಲ್ಲಿತ್ತು?”

“ಇತ್ತು. ಹೆಣ್ಣುಮಗು. ಅತ್ತಿದ್ದು ನನ್ನ ಕಿವೀಲಿ ಕೇಳಿದೀನಿ. ನೀವು ಹಳೇ ಸೀರೇಲಿ ಸುತ್ತಿಕೊಂಡು ಹಿತ್ತಲಿಗೆ ಹೋದ್ರಿ.”

ಅತ್ತೆ ಎದ್ದುನಿಂತರು. “ಮಳೆಗಾಲದಿಂದ ಇದೇ ಗೋಳು ತಂಗಿ. ಹುಚ್ಚು ಹಿಡಿದಿದೆ ಇದಕ್ಕೆ. ಏನು ಬೇಕೋ ಬರ್ಕೊಂಡು ಹೋಗು,” ಎಂದವರೇ ಒಳಗೆ ನಡೆದರು.

ಆಮೇಲೆ ಅವಳು ಎಲ್ಲವನ್ನೂ ಹೇಳಿದಳು. ಚೊಚ್ಚಲ ಹೆರಿಗೆ. ಬೆಳಗ್ಗೆ ನೋವು ಬಂದ ಕೂಡಲೇ ಗಂಡ ಸೈಕಲ್ ಹತ್ತಿ ನರ್ಸಮ್ಮನನ್ನು ಕರೆಯಲು ಹೋದ. ನರ್ಸಮ್ಮ ತಿಂಗಳ ಮೀಟಿಂಗಿಗೆಂದು ಹೋಗಿದ್ದರು. ಅವನು ಬರಿಗೈಲಿ ತಿರುಗಿ ಬರುವಷ್ಟರಲ್ಲಿ ಅತ್ತೆಯೇ ಹೆರಿಗೆ ಮಾಡಿಸಿ, ಮಗುವನ್ನು ಹಿತ್ತಲಲ್ಲಿ ಮಣ್ಣು ಮಾಡಿಯೂ ಆಗಿತ್ತು. ಅದರ ಮುಖವನ್ನು ಇವಳು ನೋಡಲಿಲ್ಲ.

ನಾವು ಮೊದಲು ಪೆನ್ಸಿಲಿನಲ್ಲಿ ಬರೆದು, ಆಮೇಲೆ ಶಾಯಿಯಲ್ಲಿ ತಿದ್ದಬೇಕಿತ್ತು. ಜೀವಂತ ಹುಟ್ಟಿದ ಮಕ್ಕಳ ಕಾಲಂನಲ್ಲಿ ಒಂದು ಎಂದು ಬರೆದೆ. ಶಿಶು ಮರಣದ ಕಾಲಂನಲ್ಲೂ ಒಂದು.

“ಬರೆದ್ರಾ?”

“ಬರೆದೆ.”

“ಎಲ್ಲಿ, ತೋರಿಸಿ.”

ಅವಳ ಬೆರಳು ಹಿಡಿದು ಒಂದರ ಮೇಲಿಟ್ಟೆ. “ಇದು ಹುಟ್ಟಿದ್ದು.” ಇನ್ನೊಂದರ ಮೇಲಿಟ್ಟೆ. “ಇದು ಹೋಗಿದ್ದು.” ಅವಳು ಬಹಳ ಹೊತ್ತು ನೋಡಿದಳು. ಓದಲು ಬಾರದವಳು ಆ ಎರಡು ಗೀಟುಗಳಲ್ಲಿ ಏನನ್ನು ನೋಡುತ್ತಿದ್ದಳೋ. ಈ ಕಾಗದ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದಳು. ಶಿಕಾರಿಪುರದ ನಮ್ಮ ಕಚೇರಿಗೆ, ಅಲ್ಲಿಂದ ಶಿವಮೊಗ್ಗಕ್ಕೆ, ಆಮೇಲೆ ಬೆಂಗಳೂರಿಗೆ ಎಂದೆ. “ಅಷ್ಟು ದೂರನಾ?” ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು.

ಮಾರನೆಯ ದಿನ ಶಾಲೆಯ ಜಗಲಿಯಲ್ಲಿ ಕೂತು ನಮೂನೆಗಳಿಗೆ ಶಾಯಿ ಹಾಕುತ್ತಿದ್ದೆ. ನಾನು ಬರೆದುಕೊಂಡ ಸುದ್ದಿ ತಿಳಿದು ನರ್ಸಮ್ಮ ನನ್ನನ್ನು ಹುಡುಕಿಕೊಂಡು ಬಂದರು. ನಲವತ್ತು ದಾಟಿದ ಹೆಂಗಸು. ಚಪ್ಪಲಿಯ ಒಂದು ಬಾರು ಕಿತ್ತು, ದಾರದಲ್ಲಿ ಕಟ್ಟಿಕೊಂಡಿದ್ದರು. ಪಕ್ಕದಲ್ಲಿ ಕೂತು ಸುಧಾರಿಸಿಕೊಂಡು ಕೇಳಿದರು, “ಆ ಮನೇದು ಏನಂತ ಬರೆದಿದೀರಿ?”

ಹೇಳಿದೆ.

“ನನ್ನ ರಿಜಿಸ್ಟರ್‌ನಲ್ಲಿ ಸತ್ತು ಹುಟ್ಟಿದ್ದು ಅಂತಿದೆ ಕಣ್ರೀ. ಅತ್ತೆ ಹೇಳಿದ್ದು ಬರ್ಕೊಂಡೆ. ಈಗ ನಿಮ್ಮ ಕಾಗದದಲ್ಲಿ ಮರಣ ಅಂತ ಬಂದ್ರೆ, ಯಾಕೆ ದಾಖಲಿಸಲಿಲ್ಲ, ಅವತ್ತು ನೀನೆಲ್ಲಿದ್ದೆ ಅಂತ ನನ್ನ ಕೇಳ್ತಾರೆ.” ಮತ್ತೆ ತಾವೇ ಅಂದರು, “ಎಲ್ಲಿದ್ದೆ? ಈ ತಿಂಗಳು ಎಷ್ಟು ಬಸುರಿಯರನ್ನ ನೋಡಿದೆ ಅಂತ ಪಟ್ಟಿ ಓದ್ತಾ ನಿಂತಿದ್ದೆ. ಇಷ್ಟು ಊರಿಗೆ ನಾನೊಬ್ಬಳೇ.”

ನಾನು ಕಟ್ಟಿನಿಂದ ಆ ಮನೆಯ ನಮೂನೆಯನ್ನು ಹುಡುಕಿ ತೆಗೆದೆ.

“ಆ ಮಗು ಅತ್ತಿರಬಹುದು, ಅಳದೇನೂ ಇರಬಹುದು. ಅಲ್ಲಿ ನಾನಿರ್ಲಿಲ್ಲ, ನೀವೂ ಇರ್ಲಿಲ್ಲ. ನೋಡಿದೋರು ಅತ್ತೆ ಒಬ್ರೇ. ಅವರೇ ಇಲ್ಲ ಅಂತಿದಾರೆ.”

ಅವರು ಬೆದರಿಸಲಿಲ್ಲ, ಕಾಲಿಗೆ ಬೀಳಲಿಲ್ಲ. ನನ್ನ ಕಣ್ಣು ಅವರ ಚಪ್ಪಲಿಯ ದಾರದ ಕಡೆಗೇ ಹೋಗುತ್ತಿತ್ತು. ಆ ಮಾತು ನ್ಯಾಯವಾಗಿಯೂ ಕಂಡಿತು. ಹೋದ ಮಗು ಹೋಯಿತು, ಇರುವವರಿಗಾದರೂ ತೊಂದರೆ ಬೇಡ ಎಂದುಕೊಂಡೆ. ರಬ್ಬರ್ ತೆಗೆದು ಎರಡೂ ಒಂದುಗಳನ್ನು ಉಜ್ಜಿ ಅಳಿಸಿದೆ. ಸತ್ತು ಹುಟ್ಟಿದ್ದು ಎಂಬ ಕಾಲಂನಲ್ಲಿ ಶಾಯಿಯಿಂದ ಒಂದು ಎಂದು ಬರೆದೆ. ಒಂದು ನಿಮಿಷದ ಕೆಲಸ. ನರ್ಸಮ್ಮ ನನ್ನ ಕೈ ಹಿಡಿದು ಅಮುಕಿ ಎದ್ದುಹೋದರು.

ನಮೂನೆಗಳು ಹೋದವು. ಬೇಸಿಗೆ ಬಂತು. ಒಂದು ದಿನ ಕಚೇರಿಯಲ್ಲಿ ಮೇಲ್ವಿಚಾರಕರು ಟೈಪ್ ಮಾಡಿದ ಹಾಳೆಯೊಂದನ್ನು ನನಗೆ ತೋರಿಸಿದರು. ನಮ್ಮ ಅಂಕಿಗಳನ್ನು ನೋಡಿ, ಎಳೆ ಮಕ್ಕಳು ತೀರಿಕೊಂಡ ಊರುಗಳನ್ನು ಆರಿಸಿದ್ದರು. ಅಂಥ ಕಡೆ ಊರಲ್ಲೇ ಉಳಿಯುವ ನರ್ಸು ಮತ್ತು ಹೆರಿಗೆಗೊಂದು ಕೋಣೆ ಕೊಡುತ್ತಾರಂತೆ.

“ನಾವು ಬರೆದಿದ್ದು ಇಷ್ಟು ಬೇಗ ಕೆಲಸಕ್ಕೆ ಬಂದಿದ್ದು ನನ್ನ ಸರ್ವಿಸ್‌ನಲ್ಲೇ ಇದೇ ಮೊದಲು,” ಎಂದರು. ಆಮೇಲೆ ನಾನು ಹೋಗಿದ್ದ ಆ ಊರನ್ನು ಹುಡುಕಿ, “ಇದು ಪಟ್ಟೀಲಿಲ್ಲ ನೋಡು. ಒಂದಿದ್ದಿದ್ರೂ ಸೇರ್ತಿತ್ತು. ಇಲ್ಲದೇ ಇರೋದೇ ಒಳ್ಳೇದು ಬಿಡು,” ಎಂದರು.

“ಒಂದಿತ್ತು ಸಾರ್,” ಎಂದೆ. ನಿಂತಲ್ಲೇ ಎಲ್ಲ ಹೇಳಿಬಿಟ್ಟೆ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕಣ್ಣುಜ್ಜಿಕೊಂಡರು. “ಪಟ್ಟಿ ಮೇಲಿನೋರಿಗೆ ಹೋಗಿ ಆಯ್ತಲ್ಲಮ್ಮ,” ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, “ಆ ತಾಯಿಗೆ ಗೊತ್ತಾ, ನೀನು ಅಳಿಸಿದ್ದು?”

“ಇಲ್ಲ ಸಾರ್.”

“ಹೋಗಿ ಹೇಳು. ಸಮೀಕ್ಷೆ ತಿದ್ದೋಕಾಗಲ್ಲ. ಜನನ ಮರಣದ ದಾಖಲೆ ಆದ್ರೆ ಇನ್ನೂ ಮಾಡಿಸಬಹುದು. ವರ್ಷ ತುಂಬೋದ್ರೊಳಗೆ ಆಗ್ಬೇಕು. ನರ್ಸು ಬರ್ಕೊಡಬೇಕು, ಹೆರಿಗೆ ನೋಡಿದೋರು ಸಾಕ್ಷಿ ಹೇಳಬೇಕು.”

ಮೊದಲು ನರ್ಸಮ್ಮನ ಮನೆಗೆ ಹೋದೆ. ಅವರು ಒಗೆದ ಬಟ್ಟೆ ಹಿಂಡುತ್ತಿದ್ದರು. ಪಟ್ಟಿಯ ವಿಷಯ ಕೇಳಿದ ಮೇಲೆ ಬಹಳ ಹೊತ್ತು ಅದೇ ಬಟ್ಟೆಯನ್ನು ಹಿಂಡುತ್ತಲೇ ಇದ್ದರು. “ಸರಿಯಾಗಿ ವಿಚಾರಿಸದೆ ಬರೆದೆ ಅಂತ ನನ್ನ ಕೈಯಾರೆ ನಾನೇ ಬರ್ಕೊಡಬೇಕು, ಅಲ್ವಾ?” ಎಂದರು. ಹೌದೆಂದೆ. ಒಳಗೆ ಹೋಗಿ ಬರೆದು ತಂದುಕೊಟ್ಟರು. ನನ್ನ ಮುಖ ನೋಡಲಿಲ್ಲ.

ಅಲ್ಲಿಂದ ಆ ಊರಿಗೆ. ಸೊಸೆ ಹಟ್ಟಿಯಲ್ಲಿ ಸಗಣಿ ಬಾಚುತ್ತಿದ್ದಳು. ನನ್ನನ್ನು ಕಂಡು ನಕ್ಕಳು, ಅಕ್ಕೋರು ಬಂದರು ಎಂದು. ಅವಳು ನಗುವುದನ್ನು ನಾನು ನೋಡಿದ್ದು ಅದೊಂದೇ ಸಲ. ನಾನು ಮಾಡಿದ್ದನ್ನು ಹೇಳಿದೆ. ನರ್ಸಮ್ಮನ ಮೇಲೆ ಹಾಕಲಿಲ್ಲ, ಅಳಿಸಿದ್ದು ನಾನೇ ಎಂದೆ.

ಅವಳು ಬುಟ್ಟಿ ಕೆಳಗಿಟ್ಟಳು. “ಅತ್ತೆ ಇಲ್ಲ ಅಂದ್ರು. ಗಂಡನೂ ಅವರ ಮಾತೇ ಹಿಡಿದ. ನೀವೊಬ್ರು ಬರ್ಕೊಂಡಿದ್ರಿ ಅಕ್ಕೋರೆ. ಬೆಂಗಳೂರು ಮುಟ್ಟಿರುತ್ತೆ ಈಗ ಅಂತ ದಿನಾ ನೆನೆಸ್ಕೊಳ್ತಿದ್ದೆ.”

ಈಗ ಹೀಗೊಂದು ದಾರಿ ಇದೆ, ತಾಲ್ಲೂಕು ಕಚೇರಿಗೆ ಬರಬೇಕು, ಅತ್ತೆಯೂ ಬರಬೇಕು ಎಂದು ತೊದಲಿದೆ. “ಅವರು ಬರಲ್ಲ,” ಎಂದಳು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಎಷ್ಟು ಕೇಳಿಸಿಕೊಂಡರೋ, ತಿರುಗಿ ಒಳಗೆ ಹೋದರು.

ಗೊತ್ತುಮಾಡಿದ ದಿನ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಮುಂದಿನ ಬಾಗಿಲಿಂದ ಗಂಡ ಹೆಂಡತಿ ಇಳಿದರು. ಹಿಂದಿನ ಬಾಗಿಲಿಂದ ಅತ್ತೆ ಇಳಿದರು. ಯಾರೂ ಕರೆದಿರಲಿಲ್ಲವಂತೆ. ತಾವೇ ಬೆಳಗ್ಗೆ ಎದ್ದು ಸೀರೆ ಬದಲಿಸಿಕೊಂಡು ಇವರ ಹಿಂದೆ ನಡೆದು ಬಂದಿದ್ದರು.

ಕಚೇರಿಯ ಗುಮಾಸ್ತರು ಒಳ್ಳೆಯವರು. ಅತ್ತೆಗೆ ಬೆಂಚು ತೋರಿಸಿದರು. “ಹೆರಿಗೆ ಮಾಡ್ಸಿದ್ದು ನೀವೇನಾ ಅಜ್ಜಿ? ಮಗು ಅತ್ತಿತ್ತಾ, ಇಲ್ವಾ?”

ಅತ್ತೆ ಕೂರಲಿಲ್ಲ. ಸೆರಗು ಎಳೆದುಕೊಂಡು ಕಿಟಕಿಯ ಕಡೆ ನೋಡುತ್ತ ಹೇಳಿದರು. “ಅತ್ತಿತ್ತು. ಎರಡು ಸಲ. ಸಣ್ಣಕ್ಕೆ, ಬೆಕ್ಕಿನ ಮರಿ ಥರ. ಆಮೇಲೆ ನಿಂತುಬಿಡ್ತು. ಬೆನ್ನು ತಟ್ಟಿದೆ. ಕಾಲು ಹಿಡಿದು ಎತ್ತಿದೆ. ಬಾಯಲ್ಲಿ ಊದಿದೆ. ಮೈ ಬೆಚ್ಚಗೇ ಇತ್ತು ಸ್ವಾಮೀ.”

ಗುಮಾಸ್ತರು ಬರೆಯುವುದನ್ನು ನಿಲ್ಲಿಸಿದ್ದರು.

“ಅತ್ತಿತ್ತು ಅಂದ್ರೆ ಈ ಹುಡುಗಿ ಉಳಿಯಲ್ಲ ಅನ್ನಿಸ್ತು. ರಕ್ತ ಹೋಗ್ತಾ ಇತ್ತು ಇವಳಿಗೆ. ಸತ್ತೇ ಹುಟ್ಟಿತು ಅಂದ್ರೆ ಬೇಗ ಮರೀತಾಳೆ ಅಂದ್ಕೊಂಡೆ. ಆಮೇಲೆ ಆಡಿದ ಮಾತು ಹಿಂದಕ್ಕೆ ತಗೊಳ್ಳೋಕಾಗ್ಲಿಲ್ಲ.” ಹೆಬ್ಬೆರಳು ಚಾಚಿದರು. ಗುಮಾಸ್ತರೇ ಅದನ್ನು ಹಿಡಿದು ಮಸಿ ಹಚ್ಚಿ ಒತ್ತಿಸಿದರು.

ಹೊರಗೆ ಬಂದ ಮೇಲೆ ಸೊಸೆ ಅತ್ತೆಯ ಎದುರು ನಿಂತಳು. ಅಪ್ಪಿಕೊಂಡು ಅಳುತ್ತಾಳೆ ಎಂದು ನಾನು ಕಾದೆ. ಅವಳ ಕಣ್ಣಲ್ಲಿ ನೀರಿರಲಿಲ್ಲ. “ನಂಗೆ ಹುಚ್ಚು ಅಂದ್ರಲ್ಲ ಅತ್ತೆ,” ಎಂದಳು. “ಊರಿಗೆಲ್ಲ ಹೇಳಿದ್ರಲ್ಲ.” ಅಷ್ಟೇ. ಬಸ್ಸಿನಲ್ಲಿ ಬೇರೆ ಬೇರೆ ಕೂತು ಹೋದರು.

ಕೆಲವು ವಾರಗಳ ಮೇಲೆ ಎರಡು ಕಾಗದ ಬಂದವು, ಜನನದ್ದೊಂದು, ಮರಣದ್ದೊಂದು. ಎರಡರಲ್ಲೂ ಒಂದೇ ತಾರೀಖು. ಮಗುವಿನ ಹೆಸರಿನ ಜಾಗದಲ್ಲಿ ಗೆರೆ ಎಳೆದಿದ್ದರು. ನಾನೇ ತೆಗೆದುಕೊಂಡು ಹೋಗಿ ಅವಳಿಗೆ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು. ಆಮೇಲೆ ಮಡಿಸಿ, ಮದುವೆ ಸೀರೆಯ ಮಡಿಕೆಯೊಳಗಿಟ್ಟಳು.

ನರ್ಸಮ್ಮನಿಗೆ ಮೆಮೊ ಬಂತು. ದೂರದ ತಾಲ್ಲೂಕಿಗೆ ವರ್ಗವಾಯಿತು. ಹೆರಿಗೆ ಕೋಣೆ ಆ ಊರಿಗೆ ಬರಲಿಲ್ಲ. ಸಮೀಕ್ಷೆಯ ವರದಿ ಅಚ್ಚಾಗಿ ಬಂದಾಗ ಮೇಲ್ವಿಚಾರಕರು ಒಂದು ಪ್ರತಿ ಕೊಟ್ಟರು. ಆ ಊರಿನ ಸಾಲಿನಲ್ಲಿ ಬೆರಳಿಟ್ಟು ನೋಡಿದೆ. ಶಿಶು ಮರಣದ ಜಾಗದಲ್ಲಿ ಸೊನ್ನೆ ಇತ್ತು. ಇಷ್ಟು ಊರುಗಳಲ್ಲಿ ಇನ್ನೆಷ್ಟು ಸೊನ್ನೆಗಳು ಹೀಗೆ ಯಾರದೋ ಮೇಲಿನ ಕರುಣೆಯಿಂದ ಹುಟ್ಟಿದವೋ ಎಂದು ಯೋಚಿಸಿ, ಮುಂದಿನ ಸಮೀಕ್ಷೆಗೆ ಕರೆದಾಗ ನಾನು ಹೋಗಲಿಲ್ಲ. ಮತ್ತೆ ಹಾಸಿಗೆಯ ಕೆಲಸಕ್ಕೆ ಕೂತೆ. ಎರಡು ವರ್ಷದ ಮೇಲೆ ಶಾಲೆಯಲ್ಲಿ ಕೆಲಸ ಸಿಕ್ಕಿತು.

ಆ ಊರಿಗೆ ಕೊನೆಯ ಸಲ ಹೋದದ್ದು ಅದೇ ವರ್ಷದ ದೀಪಾವಳಿ ಕಳೆದ ಮೇಲೆ. ಒಂದೇ ಮನೆಯಲ್ಲಿ ಎರಡು ಒಲೆ ಉರಿಯುತ್ತಿದ್ದವು. ಅತ್ತೆ ನನ್ನನ್ನು ಹಿತ್ತಲ ಕಡೆಗೆ ಕರೆದು ಕೇಳಿದರು, “ಅವಳು ನಿನ್ನ ಹತ್ರ ಮಾತಾಡ್ತಾಳಲ್ಲ ತಂಗಿ. ನನ್ನ ಹತ್ರನೂ ಒಂದು ಮಾತಾಡು ಅಂತ ಹೇಳ್ತೀಯಾ?”

ಹೋಗಿ ಹೇಳಿದೆ. ಸೊಸೆ ಒಲೆ ಊದುತ್ತಿದ್ದಳು. ಬಹಳ ಹೊತ್ತು ಊದಿದಳು. “ಆಗ್ತಿಲ್ಲ ಅಕ್ಕೋರೆ,” ಎಂದಳು. “ನೋಡ್ತೀನಿ. ಇನ್ನೂ ಆಗ್ತಿಲ್ಲ.”

ಅದನ್ನೇ ತಂದು ಅತ್ತೆಗೆ ಹೇಳಿದೆ. ಅವರು ತಲೆಯಾಡಿಸಿದರು. “ಆಗ್ಲಿ ಬಿಡು,” ಎಂದರು. “ಜೀವ ಉಳಿದಿದೆಯಲ್ಲ ಅವಳದ್ದು.”

ಬಸ್ಸಿಗೆ ಹೊತ್ತಾಗಿತ್ತು. ಅತ್ತೆ ಬದುವಿನವರೆಗೂ ನನ್ನ ಜೊತೆ ನಡೆದು ಬಂದರು.