ಮುಗಿದ ಗೋಡೆಗೆ ಕರಣೆ ಹಿಡಿದು ನಿಂತದ್ದು

ಗೆಳೆಯರೇ, ಇವತ್ತು ಮುಗಿದುಹೋದ ಕೆಲಸವನ್ನು ಮಾಡುತ್ತಿರುವಂತೆ ನಟಿಸಿ ಬಂದೆ.

ಗರುಡಾಚಾರ್‌ಪಾಳ್ಯದ ಒಂದು ಆಫೀಸು ಕಟ್ಟಡದ ಮುಂಭಾಗಕ್ಕೆ ತೆಳು ಇಟ್ಟಿಗೆ ಬಿಲ್ಲೆ ಅಂಟಿಸಿದ್ದೆವು. ಗೋಡೆ ಗಾರೆಯಿಲ್ಲದ ಬರೀ ಇಟ್ಟಿಗೆಯದಂತೆ ಕಾಣಬೇಕೆಂಬುದು ಬಾಡಿಗೆಗೆ ಬಂದ ಕಂಪನಿಯವರ ಆಸೆ. ಬೆಳಿಗ್ಗೆ, ಹತ್ತಿ ನಿಂತು ಕೆಲಸ ಮಾಡಲು ಕಟ್ಟಿದ್ದ ಸಾರ್ವೆ ಬಿಚ್ಚಲು ಹೋದರೆ, ಮೇಲಿನ ಮಹಡಿಯಲ್ಲೇ ವಾಸವಿರುವ ಮಾಲೀಕರು ಮುನಿಯಮ್ಮನವರು ಓಡಿಬಂದು ಅಡ್ಡ ನಿಂತರು.

“ಬಿಚ್ಬೇಡ ಕಣಪ್ಪ! ಮೊಮ್ಮಗಳನ್ನ ನೋಡೋಕೆ ಗಂಡಿನ ಕಡೆಯೋರು ಬರ್ತಾವ್ರೆ. ಗಾರೆ ಮಾಡ್ಸೋಕೂ ಗತಿಯಿಲ್ಲ ಅಂದ್ಕೊಳ್ಳಲ್ವಾ?”

“ಅಮ್ಮಾ, ಇದು ಫ್ಯಾಷನ್ನು.”

“ನಿನ್ ಫ್ಯಾಷನ್ ಮನೆ ಹಾಳಾಗ! ಸಾರ್ವೆ ಇದ್ರೆ ಕೆಲ್ಸ ಇನ್ನೂ ನಡೀತಾ ಐತೆ ಅಂದ್ಕೋತಾರೆ. ನೀನೂ ಹತ್ತಿ ನಿಂತ್ಕೋ.”

ಹತ್ತಿದೆ. ಗಂಡಿನ ಕಡೆಯವರ ಕಾರು ಬಂದು ನಿಂತಾಗ ಖಾಲಿ ಕರಣೆಯನ್ನು ಗೋಡೆಯ ಮೇಲೆ ಆಡಿಸತೊಡಗಿದೆ. ಹುಡುಗನ ತಂದೆ ಇಳಿದು, ಕತ್ತೆತ್ತಿ ಬಹಳ ಹೊತ್ತು ನೋಡಿದರು.

“ಏನಮ್ಮಾ, ಇದರ ಮೇಲೆ ಗಾರೆ ಮಾಡಿಸ್ತಿದ್ದೀರಾ? ಇಟ್ಟಿಗೆ ಹಿಂಗೇ ಚೆನ್ನಾಗೈತಲ್ಲ! ನಮ್ ಕೆ.ಆರ್. ಪುರದ ಬಿಲ್ಡಿಂಗ್‌ಗೂ ಇಂಥದ್ದೇ ಹಾಕಿಸ್ಬೇಕು ಅಂತಿದ್ದೀನಿ.”

ಮುನಿಯಮ್ಮನವರು ಒಂದು ಕ್ಷಣವೂ ತಡೆಯಲಿಲ್ಲ. ಸೊಂಟಕ್ಕೆ ಕೈಯಿಟ್ಟು ನನ್ನತ್ತ ತಿರುಗಿದರು.

“ಬೆಳಿಗ್ಗೆಯಿಂದ ಬಡ್ಕೋತಾ ಇದೀನಿ, ಗಾರೆ ಬಳೀಬೇಡ ಅಂತ! ಕೇಳ್ತಾನಾ ಇವ್ನು? ಇಳಿಯೋ ಕೆಳಗೆ!”

ಇಳಿದು ಬಂದು “ತಪ್ಪಾಯ್ತಮ್ಮ” ಎಂದೆ.

ಸಂಬಂಧ ಕುದುರಿತೆಂದು ಸಂಜೆ ಅವರೇ ಫೋನು ಮಾಡಿ ಹೇಳಿದರು. ಹುಡುಗನ ತಂದೆ ತಮ್ಮ ಕಟ್ಟಡಕ್ಕೂ ಇಟ್ಟಿಗೆ ಅಂಟಿಸುವವರನ್ನು ಹುಡುಕುತ್ತಿದ್ದಾರಂತೆ. ಹೇಳಿದ ಮಾತು ಕೇಳುವಂಥವರು ಬೇರೆ ಯಾರಾದರೂ ಇದ್ದರೆ ತಿಳಿಸಬೇಕಂತೆ.