ರಾಜ ಜಿಗಿದ ಮಧ್ಯಾಹ್ನ

ಹೊಸ ಜೀನ್ಸ್ ಬಟ್ಟೆಯ ನೀಲಿ ಬಣ್ಣದ ವಾಸನೆ ಮೂಗಿಗೆ ಬಡಿದರೆ ರಾಯದುರ್ಗದ ಆ ಮಧ್ಯಾಹ್ನ ಎದ್ದು ಬರುತ್ತದೆ. ಬರುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿದ್ದು, ಹೇಳಲಾರೆ. ನನಗಾಗ ಹತ್ತು ವರ್ಷ. ಹತ್ತು ವರ್ಷದವನ ಸಾಕ್ಷಿಯನ್ನು, ಅವನು ನಾನೇ ಆದರೂ, ನಂಬುವವನಲ್ಲ ನಾನು.

ರೊಳ್ಳದ ಕಡಲೆಕಾಯಿ ಹೊಲ ಬಿಟ್ಟು ಬಂದ ಅಪ್ಪ, ರಾಯದುರ್ಗದಲ್ಲೇ ಬೆಳೆದ ಅಮ್ಮನ ತಮ್ಮ ಸೋಮು ಮಾವ, ಇಬ್ಬರ ಸಂಸಾರವೂ ಒಂದೇ ಮನೆಯಲ್ಲಿತ್ತು. ಮುಂದೆ ಹೊಲಿಗೆ ಯಂತ್ರಗಳು, ಹಿಂದೆ ಎರಡು ಸಂಸಾರಕ್ಕೂ ಒಂದೇ ಒಲೆ, ಮುದ್ದೆ ತೊಳಸಲು ಒಂದೇ ದೊಡ್ಡ ಪಾತ್ರೆ. ಅಂಥ ಮನೆಯಲ್ಲಿ ಉಂಡವರಿಗೆ ಆ ಗದ್ದಲದ ಸುಖ ಗೊತ್ತಿರುತ್ತದೆ. ಅಪ್ಪ ಕತ್ತರಿಸುತ್ತಿದ್ದ, ಮಾವ ಹೊಲಿಯುತ್ತಿದ್ದ. ಭಾನುವಾರ ಕಟಿಂಗ್ ಮೇಜು ಖಾಲಿ ಇರುತ್ತಿತ್ತು. ಗಾರ್ಮೆಂಟ್ಸಿನ ಹತ್ತಾರು ಜನ ಅಲ್ಲಿ ಸೇರಿ ಅದನ್ನೇ ಚೆಸ್ ಕ್ಲಬ್ ಅನ್ನುತ್ತಿದ್ದರು. ಅವತ್ತು ಅಪ್ಪನಿಗೂ ಮಾವನಿಗೂ ಫೈನಲ್. ಗೆದ್ದವನು ಅನಂತಪುರಕ್ಕೆ ಆಡಲು ಹೋಗುವವನು.

ಅವರು ಆಡುತ್ತಿರಲಿಲ್ಲ, ಕಡಿದಾಡುತ್ತಿದ್ದರು. ಹೊಡೆದ ಕಾಯನ್ನು ಪಕ್ಕಕ್ಕಿಡದೆ ಗೋಡೆಗೆ ಬೀಸುತ್ತಿದ್ದರು. ಕೊನೆಗೆ ಎಲ್ಲ ಕಡೆಯಿಂದ ಮುತ್ತಿಗೆ ಬಿದ್ದಾಗ ಅಪ್ಪ ರಾಜನನ್ನು ಕುದುರೆಯಂತೆ ಜಿಗಿಸಿದ. ಒಮ್ಮೆಯೂ ಚೆಕ್ ಬೀಳದ ರಾಜ ಒಂದು ಸಲ ಹಾಗೆ ಜಿಗಿಯಬಹುದೆಂಬ ಹಳ್ಳಿಯ ಕಾನೂನನ್ನು ಕ್ಲಬ್ಬೂ ಒಪ್ಪಿತ್ತು.

ಮಾವ ನಕ್ಕ. “ಇದು ರೊಳ್ಳದ ಅರಳಿಕಟ್ಟಿ ಅಲ್ರಿ ಭಾವಾ. ಆಗಲೇ ಚೆಕ್ ಕೊಟ್ಟೀನಿ. ಕಾಲು ಮುರಿದ ರಾಜ ಎಲ್ಲಿ ಜಿಗೀತಾನ?”

“ಯಾವಾಗ್ ಕೊಟ್ಟೆ, ಕನಸ್ನಾಗಾ? ನನ್ ಮಗ ಮೊದ್ಲಿಂದ ನೋಡ್ತಾವ್ನೆ. ಹೇಳ್ಲಾ!”

“ಕೊಟ್ಟಿದ್ರು” ಅಂದೆ, ಅಪ್ಪನ ಪಕ್ಕದಲ್ಲೇ ನಿಂತು.

ಕಂಡಿದ್ದೆನೋ, ಮಾವನ ಮೇಲಿನ ಅಕ್ಕರೆಗೆ ಅಂದೆನೋ, ಇಂದಿಗೂ ತಿಳಿಯದು. ಅಪ್ಪ ಮೇಜಿನ ಕೆಳಗಿನಿಂದ ಕಟಿಂಗ್ ಕತ್ತರಿ ಎತ್ತಿ ಬೀಸಿದ. ಮಾವನ ಬಲಗೈಯ ಮೂಳೆ ಲಟಕ್ಕೆಂದಿತು. ನೀಲಿ ಬಟ್ಟೆಯ ಮೇಲೆ ರಕ್ತ ಬಿದ್ದು ಕಪ್ಪಾಯಿತು. ಅಮ್ಮ ತಮ್ಮನನ್ನು ಹಿಡಿದುಕೊಂಡು ಗಂಡನಿಗೆ ಶಾಪ ಹಾಕಿದಳು. ಸಂಜೆಯೊಳಗೆ ಒಲೆ ಎರಡಾಯಿತು; ವಾರದೊಳಗೆ ಮಾವನ ಸಂಸಾರ ಡಿ. ಹಿರೇಹಾಳಿಗೆ ಹೋಯಿತು. ಮಾವ ಮತ್ತೆ ಹೊಲಿಗೆಗೆ ಕೂರಲಿಲ್ಲ. ದೊಡ್ಡ ಪಾತ್ರೆ ನಮ್ಮಲ್ಲೇ ಉಳಿಯಿತು. ಅದರ ತಳದಲ್ಲಿ ನಮ್ಮ ಮೂವರ ಮುದ್ದೆ ತೊಳಸುವುದು ಅಮ್ಮನಿಗೆ ಕಡೆತನಕ ಬರಲೇ ಇಲ್ಲ.

ಅಪ್ಪ ಮಾವನಿಗೆ ಹೊಡೆದ ಎಂದೇ ವರ್ಷಗಟ್ಟಲೆ ಹೇಳಿಕೊಂಡು ಬಂದೆ. ಒಂದು ಮಾತ್ರ ಹೊಂದುತ್ತಿರಲಿಲ್ಲ: ಮಾವ ಕೂತದ್ದು ಎದುರಿಗೆ, ಅಪ್ಪ ತಿರುಗಿದ್ದು ಪಕ್ಕಕ್ಕೆ. ಅಪ್ಪ ಹೋದ ಮೇಲೆ ಅಮ್ಮನನ್ನೂ ಮಾವನನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಹೇಳಿದ್ದು ಒಂದೇ. ಕತ್ತರಿ ಬಂದದ್ದು ನನ್ನ ತಲೆಗೆ. ಮಾವ ಕೈ ಅಡ್ಡ ಹಿಡಿದಿದ್ದ.